ಗೂಬೆ ಕಂಪನಿಯ ಹಿರಿಯ ಸಲಹೆಗಾರರು

ಒಂದು ಲೋಟ ನೀರು ಉರುಳಿಬಿದ್ದದ್ದೇ ಇಷ್ಟಕ್ಕೆಲ್ಲ ಮೂಲ. ಉರುಳಿಸಿದವನು ಅಳಿಯ. ಉರುಳಿದ್ದು ಅತ್ತೆಯ ನೋಟುಬುಕ್ಕಿನ ಮೇಲೆ.

ನೀರು ಚೆಲ್ಲದ ಮನೆ ಲೋಕದಲ್ಲಿ ಎಲ್ಲೂ ಇರಲಾರದು. ಆದರೆ ಆ ನೋಟುಬುಕ್ಕು ಅಂಥಿಂಥದ್ದಲ್ಲ. ಅಳಿಯನ ಹೆಂಡತಿ ಮನೆಯ ಹಿಂದಿನ ಕೋಣೆಯಲ್ಲಿ ಕೈಯಾರೆ ಸಾಬೂನು ಮಾಡಿ ಇಂಟರ್ನೆಟ್ಟಿನಲ್ಲಿ ಮಾರುತ್ತಿದ್ದಳು. ಇನ್ನೂರ ನಲವತ್ತು ಮನೆಗಳವರು ಚಂದಾ ಕಟ್ಟಿ ತಿಂಗಳಿಗೊಂದು ಪೆಟ್ಟಿಗೆ ತರಿಸಿಕೊಳ್ಳುತ್ತಿದ್ದರು. ಯಾರಿಗೆ ಯಾವ ಪರಿಮಳ, ಯಾರು ಈ ತಿಂಗಳು ಊರಲ್ಲಿಲ್ಲ, ಯಾರ ಮನೆಯಲ್ಲಿ ಮಗು ಹುಟ್ಟಿ ಸಾಬೂನು ಬೇಗ ಕರಗುತ್ತಿದೆ, ಎಲ್ಲವೂ ಆ ನೋಟುಬುಕ್ಕಿನಲ್ಲಿ ಶಾಯಿ ಪೆನ್ನಿನ ಗುಂಡು ಅಕ್ಷರದಲ್ಲಿತ್ತು. ನೀರು ಬಿದ್ದದ್ದೇ ತಡ, ಇಪ್ಪತ್ತೆರಡು ಗಿರಾಕಿಗಳು ತೊಳೆದುಹೋದರು. ಸಾಬೂನಿನ ವ್ಯಾಪಾರದಲ್ಲಿ ಇದು ಸಹಜ ಮರಣವೇ ಅಲ್ಲವೆ ಎಂದು ಅಳಿಯ ತಮಾಷೆ ಮಾಡಿದ. ಹೆಂಡತಿ ನಗಲಿಲ್ಲ. ಅತ್ತೆ ಮಾತ್ರ ಕಣ್ಣು ಮುಚ್ಚಿ ಕೂತು, ಇಪ್ಪತ್ತೆರಡನ್ನೂ ನೆನಪಿನಿಂದಲೇ ಎತ್ತಿ ಮತ್ತೆ ಬರೆದರು. ಆದರೆ ಆ ತಿಂಗಳ ಪೆಟ್ಟಿಗೆಗಳು ವಾರ ತಡವಾದವು.

"ಇನ್ನು ನೋಟುಬುಕ್ಕು ಸಾಕು, ಚಂದಾ ನೋಡ್ಕೊಳ್ಳೋ ಸಾಫ್ಟ್‌ವೇರ್ ತರೋಣ" ಎಂದಳು ಹೆಂಡತಿ. ಆರಿಸುವ ಕೆಲಸ ಅಳಿಯನ ಪಾಲಿಗೆ ಬಂತು. ಅವನು ಮೊದಲು ಒಂದು ಛತ್ರಿ ಕಾರ್ಖಾನೆಯ ಆಫೀಸಿನಲ್ಲಿದ್ದ. ಕಾರ್ಖಾನೆ ಮುಚ್ಚಿದ ಮೇಲೆ ಮನೆಯ ಮುಂಕೋಣೆಯಲ್ಲಿ ಒಂದು ಮೇಜು, ತಿರುಗುವ ಕುರ್ಚಿ ಹಾಕಿಕೊಂಡು 'ಆನ್‌ಲೈನ್ ವಿಭಾಗದ ಮುಖ್ಯಸ್ಥ'ನಾಗಿದ್ದ. ವಿಭಾಗದಲ್ಲಿ ಅವನೊಬ್ಬನೇ ಇದ್ದುದರಿಂದ ಮುಖ್ಯಸ್ಥನಾಗಲು ಪೈಪೋಟಿ ಇರಲಿಲ್ಲ.

ಮೂರು ಕಂಪನಿಗಳ ಸಾಫ್ಟ್‌ವೇರನ್ನು ಅವನು ಬಿಟ್ಟಿಯಾಗಿ ಪರೀಕ್ಷೆಗೆ ತಂದಿದ್ದ. ಒಂದರ ಗುರುತು ನೀಲಿ ಚೌಕ, ಇನ್ನೊಂದರದು ಹಸಿರು ಎಲೆ, ಮೂರನೆಯದು ಕನ್ನಡಕ ಹಾಕಿದ ಗೂಬೆ. ಹದಿನಾಲ್ಕು ದಿನ ಅವನು ಬಣ್ಣಗಳನ್ನೇ ನೋಡುತ್ತ ಕೂತ. ಹದಿನಾಲ್ಕನೆಯ ದಿನ ಬೆಳಿಗ್ಗೆ, ಎಣ್ಣೆ ಕೊಳ್ಳಲು ಪಕ್ಕದ ಊರಿಗೆ ಹೊರಟ ಹೆಂಡತಿ ಬಾಗಿಲಲ್ಲಿ ನಿಂತು ಹೇಳಿದಳು:

"ರೀ, ನಾನು ಆರು ಗಂಟೆಗೆ ಬರ್ತೀನಿ. ಅಷ್ಟರೊಳಗೆ ಮೂರರಲ್ಲಿ ಒಂದು ಆರಿಸಿ, ಗಿರಾಕಿಗಳ್ನೆಲ್ಲ ಅದರೊಳಗೆ ಸೇರಿಸಿರ್ಬೇಕು. ಆಗ್ಲಿಲ್ವಾ, ನಾಳೆ ನನ್ ತಮ್ಮ ಬಂದು ಈ ಕುರ್ಚೀಲಿ ಕೂತ್ಕೋತಾನೆ. ನೀವು ಹಿಂದಿನ ಕೋಣೆಗೆ ಬನ್ನಿ, ಸಾಬೂನು ಕೊಯ್ಯೋಕೆ ಜನ ಬೇಕು."

ಹಿಂದಿನ ಕೋಣೆಯ ಹೆಸರು ಕೇಳಿದರೇ ಅಳಿಯನಿಗೆ ಹದಿನಾರು ಸೀನು. ಅಲ್ಲಿನ ಪರಿಮಳಗಳೆಲ್ಲ ಒಟ್ಟಾಗಿ ಅವನ ಮೂಗಿನ ಮೇಲೆ ದಂಡೆತ್ತಿ ಬರುತ್ತಿದ್ದವು. ಅವನು ಕುರ್ಚಿಯ ಕೈಗಳನ್ನು ಬಿಗಿಯಾಗಿ ಹಿಡಿದುಕೊಂಡು, "ಆರು ಯಾಕೆ, ಐದಕ್ಕೇ ಮುಗ್ಸಿರ್ತೀನಿ" ಎಂದ.

ಹೆಂಡತಿ ಬೀದಿ ದಾಟುತ್ತಲೇ ಮುಖ್ಯಸ್ಥ ತನ್ನ ಮೊದಲ ಆಜ್ಞೆ ಹೊರಡಿಸಿದ.

"ಅತ್ತೆ, ಇವತ್ತಿಂದ ನೋಟುಬುಕ್ಕು ಮುಚ್ಚಿಡಿ. ಇನ್ಮೇಲೆ ನೀವು ತಿಂಗಳಾ ತಿಂಗಳಾ ಗಿರಾಕಿಗಳಿಗೆ ಫೋನ್ ಮಾಡಿ, ಮಗೂಗೆ ಹಲ್ಲು ಬಂತಾ, ಮಂಡಿ ನೋವು ಹೇಗಿದೆ ಅಂತ ಕೇಳ್ತಾ ಕೂರಬೇಕಾಗಿಲ್ಲ. ಎಲ್ಲಾ ಸಾಫ್ಟ್‌ವೇರ್ ಮಾಡುತ್ತೆ."

"ಅದು ಮಂಡಿ ನೋವು ವಿಚಾರಿಸುತ್ತಾ ಅಳಿಯಂದ್ರೇ?"

"ವ್ಯಾಪಾರಕ್ಕೆ ಮಂಡಿ ಯಾಕೆ ಬೇಕು?"

"ಸರಿ. ನೀವು ಹೇಳಿದ್ಮೇಲೆ ಮುಗೀತು" ಎಂದು ಅತ್ತೆ ಪುಸ್ತಕ ಮುಚ್ಚಿ, ರಟ್ಟಿನ ಪೆಟ್ಟಿಗೆ ಮಡಚಲು ಕೂತರು. ಹನ್ನೊಂದು ವರ್ಷದಲ್ಲಿ ಅತ್ತೆ ಅಳಿಯನಿಗೆ ಎದುರಾಡಿದ್ದಿಲ್ಲ, ಮನಬಿಚ್ಚಿ ಮಾತಾಡಿದ್ದೂ ಇಲ್ಲ. ಇಬ್ಬರ ನಡುವೆ ಮರ್ಯಾದೆ ಎಂಬುದು ಎತ್ತರದ ಗೋಡೆಯಂತೆ ನಿಂತಿತ್ತು.

ಸುದ್ದಿ ಗೋಡೆಗಳನ್ನು ಲೆಕ್ಕಿಸುವುದಿಲ್ಲ. ಒಂಬತ್ತಕ್ಕೆಲ್ಲ ಮಹಡಿ ಮೇಲಿನ ನಿವೃತ್ತ ಮೇಷ್ಟ್ರು ಕೆಂಪು ಪೆನ್ನು ಹಿಡಿದು ಇಳಿದುಬಂದರು.

"ಏನೋ ಆಯ್ಕೆ ಅಂತೆ? ಮಾರ್ಕ್ಸ್ ಹಾಕದೆ ಆಯ್ಕೆ ಮಾಡೋದು ಹೇಗಯ್ಯಾ? ಇಲ್ಲಿ ಕೊಡು" ಎಂದು ಹಾಳೆಗೆ ಗೆರೆ ಎಳೆದೇಬಿಟ್ಟರು.

ಹಿಂದೆಯೇ ಎದುರುಮನೆಯ ಟೈಲರು, ಕೊರಳಿಗೆ ಟೇಪು ನೇತುಹಾಕಿಕೊಂಡವರು, ಬಾಗಿಲಿಗೆ ಒರಗಿ ನಿಂತರು. "ಮೇಷ್ಟ್ರೇ, ಇದು ಮಾರ್ಕ್ಸಿನ ವಿಷಯ ಅಲ್ಲ. ಅಳತೆ! ರೆಡಿಮೇಡ್ ತಂದ್ರೆ ಭುಜದಲ್ಲಿ ಹಿಡಿಯುತ್ತೆ, ಸೊಂಟದಲ್ಲಿ ಜಾರುತ್ತೆ. ನಿಮ್ ವ್ಯಾಪಾರದ ಸೈಜ್ ಏನು ಸಾರ್?"

ನೀಲಿ ಚೌಕ ಕೇಳಿದ್ದೂ ಅದನ್ನೇ. 'ನಿಮ್ಮ ಸಂಸ್ಥೆಯಲ್ಲಿ ಎಷ್ಟು ಉದ್ಯೋಗಿಗಳು?' ಐವತ್ತಕ್ಕಿಂತ ಕಡಿಮೆ ಸಂಖ್ಯೆ ಅಲ್ಲಿ ಇರಲೇ ಇಲ್ಲ. ಮೇಷ್ಟ್ರು ಕಟ್ಟಡದಲ್ಲಿ ವಾಸವಿರುವವರನ್ನೆಲ್ಲ ಬೆರಳು ಮಡಚಿ ಎಣಿಸಿದರು. ಟೈಲರು ತಮ್ಮ ಅಂಗಡಿಗೆ ಬರುವವರನ್ನು ಸೇರಿಸಿದರು. ಆದರೂ ನಲವತ್ತೊಂದಕ್ಕೇ ನಿಂತಿತು. "ಸುಳ್ಳು ಹೇಳಿ ಒಳಗೆ ಹೋಗೋದು ಕಾಪಿ ಹೊಡೆದ ಹಾಗೆ. ಫೇಲು!" ಎಂದು ಮೇಷ್ಟ್ರು ನೀಲಿಯ ಮುಂದೆ ಸೊನ್ನೆ ಸುತ್ತಿದರು.

ಅಷ್ಟರಲ್ಲಿ ಅಳಿಯನ ಫೋನ್ ಬಡಿದುಕೊಂಡಿತು. ಗೂಬೆ ಕಂಪನಿಯ ಹುಡುಗಿ, ತಮ್ಮ ಸಾಫ್ಟ್‌ವೇರನ್ನು ವಿವರಿಸಲು ಸಮಯ ಕೇಳುತ್ತಿದ್ದಳು. ಗೂಬೆಯದು ಮೂರರಲ್ಲೇ ದುಬಾರಿ. ಅಳಿಯನಿಗೆ ಅದರ ಮೇಲೆ ಮನಸ್ಸಿರಲಿಲ್ಲ. "ಅತ್ತೆ, ಇದನ್ನ ತಗೊಂಡು ಆಮೇಲೆ ಮಾಡೋಕೆ ಹೇಳಿ" ಎಂದು ಫೋನನ್ನು ಅವರ ಕೈಗೆ ಕೊಟ್ಟ. ಅತ್ತೆ ಫೋನ್ ಹಿಡಿದು ಜಗಲಿಗೆ ಹೋದರು. 'ಆಮೇಲೆ ಮಾಡಿ' ಎಂಬ ಎರಡು ಶಬ್ದ ಹೇಳಲು ಮುಕ್ಕಾಲು ಗಂಟೆ ಹಿಡಿಯಿತು. ಕಿಟಕಿಯಿಂದ ತುಣುಕುಗಳಷ್ಟೇ ಕೇಳುತ್ತಿದ್ದವು: "ಅಳಬೇಡ ಕಣಮ್ಮಾ... ಊಟ ಬಿಟ್ರೆ ಸಾಹೇಬ್ರಿಗೇನು ನಷ್ಟ, ನಿನ್ ಹೊಟ್ಟೆ ತಾನೆ... ನಿಧಾನವಾಗಿ ಯೋಚ್ನೆ ಮಾಡು..."

ಫೋನ್ ವಾಪಸು ಬಂದಾಗ ಆಗತಾನೆ ಇಸ್ತ್ರಿ ಮಾಡಿದ ಅಂಗಿಯ ಹಾಗೆ ಬಿಸಿಯಾಗಿತ್ತು.

"ಏನಂತೆ?" ಎಂದ ಅಳಿಯ.

"ಒಳ್ಳೇ ಹುಡುಗಿ" ಎಂದರು ಅತ್ತೆ. ಪೆಟ್ಟಿಗೆ ಮಡಚಲು ಕೂತರು.

ಅಳಿಯನ ಮನಸ್ಸು ಹಸಿರು ಎಲೆಯ ಕಡೆ ವಾಲಿತ್ತು. ಅಗ್ಗ, ಚುರುಕು. 'ನಿಮ್ಮ ಹಳೆಯ ಪುಸ್ತಕದ ಪುಟಗಳ ಫೋಟೋ ತೆಗೆಯಿರಿ ಸಾಕು, ಉಳಿದದ್ದು ನಮ್ಮ ಹೊಣೆ' ಎಂದು ಅದು ಅಭಯ ಕೊಟ್ಟಿತ್ತು. ಅವನು ಅತ್ತೆಯ ನೋಟುಬುಕ್ಕನ್ನು ಮೇಜಿನ ಮೇಲೆ ಹರಡಿ ಪಟಪಟನೆ ಫೋಟೋ ಹೊಡೆದ. ನಿಮಿಷದಲ್ಲಿ ಇನ್ನೂರ ನಲವತ್ತು ಗಿರಾಕಿಗಳು ಪರದೆಯ ಮೇಲೆ ಸಾಲುಗಟ್ಟಿ ನಿಂತರು. ಮೇಷ್ಟ್ರು ತೊಂಬತ್ತೆರಡು ಮಾರ್ಕ್ಸ್ ಕೊಟ್ಟರು. ಟೈಲರು, "ಹೊಲಿದಿಟ್ಟ ಹಾಗಿದೆ" ಎಂದರು. ಕೊನೆಗೆ ಒಂದು ಬಟನ್ ಉಳಿದಿತ್ತು, 'ಪರೀಕ್ಷಾ ಸಂದೇಶ ಕಳಿಸಿ.'

ಭಗವಂತ ಮನುಷ್ಯನಿಗೆ ಬೆರಳು ಕೊಟ್ಟದ್ದು ಒಳ್ಳೆಯದಕ್ಕೇ. ಓದುವ ಮುಂಚೆಯೇ ಒತ್ತಿಬಿಡುವ ಅವಸರವನ್ನು ಆ ಬೆರಳಿಗೆ ಯಾಕೆ ಕೊಟ್ಟನೋ, ಅವನೇ ಬಲ್ಲ. ಅಳಿಯ ಒತ್ತಿದ.

ಮೊದಲು ಗುಂಯ್ ಎಂದದ್ದು ಮೇಷ್ಟ್ರ ಜೇಬು. ಅವರೂ ಚಂದಾದಾರರೇ. ಕನ್ನಡಕ ಏರಿಸಿ ಗಟ್ಟಿಯಾಗಿ ಓದಿದರು: "'ಆತ್ಮೀಯ ಕೇಳದಿದ್ರೂ ಹೇಳೋ ಮೇಷ್ಟ್ರೇ, ನಿಮ್ಮ ಮುಂದಿನ ಪೆಟ್ಟಿಗೆ ಒಂದನೇ ತಾರೀಖು ಹೊರಡಲಿದೆ.' ಏನಯ್ಯಾ ಇದು?"

ಟೈಲರು ಹೊಟ್ಟೆ ಹಿಡಿದು ನಗುತ್ತಿದ್ದಂತೆ ಅವರ ಫೋನೂ ಗುಂಯ್ ಎಂದಿತು. 'ಆತ್ಮೀಯ ಗಿಡ್ಡ ಹೊಲಿಯೋ ಟೈಲರೇ...' ನಗು ಅರ್ಧಕ್ಕೇ ಕತ್ತರಿಸಿಹೋಯಿತು.

ಮೂರನೆಯದು ಅಳಿಯನ ಫೋನು. ಸೀನಿನ ದೆಸೆಯಿಂದ ಪರಿಮಳವಿಲ್ಲದ ಸಾಬೂನು ಬಳಸುವವನಾದ್ದರಿಂದ ಅವನ ಹೆಸರೂ ಪುಸ್ತಕದಲ್ಲಿತ್ತು. 'ಆತ್ಮೀಯ ಲೋಟ ಉರುಳಿಸೋ ಅಳಿಯಂದ್ರೇ...'

"ಅತ್ತೇ! ಪುಸ್ತಕದಲ್ಲಿ ಗಿರಾಕಿಗಳ ಹೆಸರು ಬರೆದಿಲ್ವಾ ನೀವು?"

"ಹೆಸರು ನಂಗೆಲ್ಲಿ ನೆನಪಿರುತ್ತೆ? ಹೆಸರು ಒಂದೇ ಥರದ್ದು ನಾಲ್ಕು ಮನೇಲಿರುತ್ತೆ. ಮನುಷ್ಯರು ನೆನಪಿರ್ತಾರೆ. ಗುರುತಿಗೆ ಅಂತ ಬರ್ಕೊಂಡಿದ್ದೆ. ನಾನೊಬ್ಬಳೇ ತಾನೇ ಓದೋಳು?"

ಅಳಿಯ ಪರದೆ ಜಾರಿಸಿದ. 'ಆತ್ಮೀಯ ಹೆಂಡತಿಗೆ ಹೇಳಬೇಡಿ ಅಂದವರೇ.' 'ಆತ್ಮೀಯ ಬೊಕ್ಕತಲೆಗೆ ಶಾಂಪೂ ಕೇಳಿದವರೇ.' 'ಆತ್ಮೀಯ ಬೈದ್ರೂ ಒಳ್ಳೆಯವರೇ.' ಇನ್ನೂರ ನಲವತ್ತೂ ಹೋಗಿಯಾಗಿತ್ತು.

ಆಮೇಲೆ ಫೋನು ಶುರುವಾಯಿತು. ಮೊದಲು ಒಬ್ಬ ಹೆಂಗಸು.

"ಯಾವ ಹೆಂಡತಿಗ್ರೀ ಹೇಳಬಾರದು? ಅವರ ಹೆಂಡತಿ ನಾನೇ. ಏನು ನಡೀತಿದೆ ಅಲ್ಲಿ?"

"ಏನಿಲ್ಲ ಅಕ್ಕಾ, ಬರೀ ಸಾಬೂನು..."

"ಸಾಬೂನು ಕದ್ದು ತರಿಸ್ಕೊಳ್ಳೋ ಗಂಡಸು ಇದಾನೇನ್ರೀ ಪ್ರಪಂಚದಲ್ಲಿ?"

ಇದ್ದ. ಹೆಂಡತಿ ಕೊಳ್ಳುವ ಸಾಬೂನು ತುರಿಸುತ್ತದೆಂದು ಹೇಳುವ ಧೈರ್ಯವಿಲ್ಲದೆ, ಇಲ್ಲಿಂದ ಗುಟ್ಟಾಗಿ ತರಿಸಿಕೊಳ್ಳುತ್ತಿದ್ದ. ಅದನ್ನು ವಿವರಿಸಿ ಅಳಿಯ ಆ ಸಂಸಾರವನ್ನು ಇನ್ನಷ್ಟು ಕೆಡಿಸಿದ. ಪರದೆಯ ಮೂಲೆಯಲ್ಲಿ 'ಚಂದಾ ರದ್ದು' ಎಂಬ ಕೆಂಪು ಅಂಕೆ ಮೂರಾಯಿತು, ಒಂಬತ್ತಾಯಿತು, ಮಗುವಿನ ಜ್ವರದಂತೆ ಏರತೊಡಗಿತು.

"ಕ್ಷಮೆ ಕೇಳು, ತಕ್ಷಣ! ಬರವಣಿಗೆಯಲ್ಲಿ!" ಎಂದು ಮೇಷ್ಟ್ರು ಮೇಜು ಕುಟ್ಟಿದರು. ತಾವೇ ನಿಂತು ಉಕ್ತಲೇಖನ ಬರೆಸಿದರು. ಅಲ್ಪವಿರಾಮಗಳನ್ನೂ ಬಿಡದೆ ಹೇಳಿದರು. ಅಳಿಯ ಅದನ್ನು ಎಲ್ಲರಿಗೂ ಕಳಿಸಿದ. ಹಸಿರು ಎಲೆ ವಿಧೇಯವಾಗಿ ಪ್ರತಿಯೊಂದರ ತಲೆಯ ಮೇಲೂ ಹೆಸರು ಅಂಟಿಸಿತು: 'ಆತ್ಮೀಯ ಬೊಕ್ಕತಲೆಗೆ ಶಾಂಪೂ ಕೇಳಿದವರೇ, ಬೆಳಿಗ್ಗೆ ತಮ್ಮನ್ನು ಹೀಗೆ ಕರೆದದ್ದಕ್ಕೆ ವಿಷಾದಿಸುತ್ತೇವೆ.'

ಕೆಂಪು ಅಂಕೆ ಎರಡು ಗಂಟೆಗೆ ಅರವತ್ತೊಂದು ಮುಟ್ಟಿತು.

ಮೇಷ್ಟ್ರು ಹಸಿರಿನ ತೊಂಬತ್ತೆರಡನ್ನು ಹೊಡೆದುಹಾಕಿ, ಮಹಡಿ ಹತ್ತದೆ ಅಲ್ಲೇ ಕೂತರು. ಟೈಲರೂ ಅಂಗಡಿಗೆ ಹೋಗಲಿಲ್ಲ. ಮುಳುಗುವ ದೋಣಿಯನ್ನು ದಡದಲ್ಲಿ ನಿಂತು ನೋಡುವವರಿಗೆ ಬೇರೆ ಕೆಲಸ ನೆನಪಾಗುವುದಿಲ್ಲ. ಅಳಿಯ ತಿರುಗುವ ಕುರ್ಚಿಯಲ್ಲಿ ತಿರುಗದೆ ಕೂತಿದ್ದ. ಹಿಂದಿನ ಕೋಣೆಯಿಂದ ಬಂದ ಗುಲಾಬಿಯ ಗಾಳಿ ಮೂಗು ಸೋಕಿ ಹೋಯಿತು. ಅವನು ಸೀನಿದ.

ಮೂರಕ್ಕೆ ಗೂಬೆ ಕಂಪನಿಯ ಹುಡುಗಿ ಮತ್ತೆ ಫೋನ್ ಮಾಡಿದಳು. ಬೆಳಿಗ್ಗೆಗಿಂತ ದನಿ ಗೆಲುವಾಗಿತ್ತು.

"ಸಾರ್, ಇವತ್ತು ಮಧ್ಯಾಹ್ನದಿಂದ ನಮ್ಮಲ್ಲಿ ಒಂದು ಹೊಸ ಸೌಲಭ್ಯ ಶುರುವಾಗಿದೆ. ಚಂದಾ ಬಿಟ್ಟುಹೋದ ಗಿರಾಕಿಗಳಿಗೆ ಮೆಷಿನ್ ಅಲ್ಲ ಸಾರ್, ನಮ್ಮ ಹಿರಿಯ ಸಲಹೆಗಾರರೇ ಖುದ್ದು ಫೋನ್ ಮಾಡಿ ಮಾತಾಡ್ತಾರೆ. ಭಾರೀ ಅನುಭವಸ್ಥರು."

"ವಾಪಸ್ ಬರ್ತಾರಾ?"

"ಕೈಬಿಟ್ಟವರನ್ನ ಕರ್ಕೊಂಡು ಬರೋದೇ ಅವರ ಕೆಲಸ ಸಾರ್. ಆದ್ರೆ ಒಂದು ವರ್ಷದ ಹಣ ಮುಂಚೆಯೇ ಕಟ್ಟಬೇಕು."

ಅಳಿಯ ಬೆಲೆ ನೋಡಿದ. ಕಣ್ಣು ಕತ್ತಲಿಟ್ಟಿತು. ಗಡಿಯಾರ ನೋಡಿದ. ಪೂರ್ತಿ ಕತ್ತಲಾಯಿತು. ಕಟ್ಟಿಬಿಟ್ಟ. ಹಸಿರು, ನೀಲಿ ಎರಡನ್ನೂ ಕಿತ್ತುಹಾಕಿ, ಗಿರಾಕಿಗಳನ್ನೆಲ್ಲ ಗೂಬೆಯ ರೆಕ್ಕೆಯಡಿಗೆ ದಾಟಿಸಿದ. ಈ ಸಲ ಹೆಸರಿನ ಜಾಗದಲ್ಲಿ ಬರೀ 'ಗಿರಾಕಿಗಳೇ' ಎಂದಿತ್ತು.

ಮೂರೂಕಾಲಾದರೂ ಅರವತ್ತೊಂದು ಕದಲಲಿಲ್ಲ. ಮೂರೂವರೆಗೆ ಅರವತ್ತಾಯಿತು.

"ಇಳೀತು!" ಎಂದು ಟೈಲರು ಕೂಗಿದರು.

ಐವತ್ತೆಂಟು. ಐವತ್ತೆರಡು. ನಲವತ್ತು. ಹೆಂಡತಿಗೆ ಹೇಳಬೇಡಿ ಎಂದವರು ಮರಳಿದರು. ಅವರ ಹೆಂಡತಿಯೂ ತನ್ನ ಹೆಸರಿನಲ್ಲಿ ಬೇರೆ ಚಂದಾ ಕಟ್ಟಿದಳು. ಬೊಕ್ಕತಲೆಯವರು ಎರಡು ಪೆಟ್ಟಿಗೆ ಕೇಳಿದರು. ಮೇಷ್ಟ್ರಿಗೆ ಕಣ್ಣಲ್ಲಿ ನೀರೇ ಬಂತು.

"ಎಂಥಾ ಪಾಂಡಿತ್ಯ ಇರ್ಬೇಕಯ್ಯಾ ಆ ಸಲಹೆಗಾರರಿಗೆ! ಮನಃಶಾಸ್ತ್ರ ಓದಿರ್ತಾರೆ. ನೂರಕ್ಕೆ ನೂರು!"

"ಅತ್ತೆ ಎಲ್ಲಿ? ಅವರಿಗೂ ತೋರಿಸ್ಬೇಕು" ಎಂದ ಅಳಿಯ.

ಅಡುಗೆಮನೆಯ ಬಾಗಿಲು ಮುಚ್ಚಿತ್ತು. ಒಳಗಿನಿಂದ ಮೆಲುದನಿಯ ಗುಣುಗುಣು ಕೇಳಿಸುತ್ತಿತ್ತು. ಮೇಷ್ಟ್ರು ತುಟಿಗೆ ಬೆರಳಿಟ್ಟು, "ಕರೀಬೇಡ. ನಿನ್ನ ಸಲುವಾಗಿ ಪ್ರಾರ್ಥನೆ ಮಾಡ್ತಾ ಇದಾರೆ" ಎಂದರು. ಅಳಿಯನ ಎದೆ ತುಂಬಿಬಂತು. ತಾನು ಬೆಳಿಗ್ಗೆ ಪುಸ್ತಕ ಮುಚ್ಚಿಸಿದ ಆ ಹಿರಿಯ ಜೀವ ತನಗಾಗಿ ದೇವರ ಕಾಲು ಹಿಡಿದಿದೆಯಲ್ಲ ಎಂದು ಮುಚ್ಚಿದ ಬಾಗಿಲಿಗೇ ಕೈ ಮುಗಿದ.

ಆರಕ್ಕೆ ಹೆಂಡತಿ ಬಂದಾಗ ಕೆಂಪು ಅಂಕೆ ಸೊನ್ನೆ. ಚಂದಾದಾರರು ಇನ್ನೂರ ನಲವತ್ತೊಂದು. ಮೇಷ್ಟ್ರು ಮತ್ತು ಟೈಲರು ಎರಡೂ ಕಡೆಯಿಂದ ಕಥೆ ಹೇಳಿದರು. ಹೇಳುವ ಭರದಲ್ಲಿ ಪರೀಕ್ಷಾ ಸಂದೇಶದ ಭಾಗ ಮಾತ್ರ ಯಾರ ಬಾಯಿಗೂ ಬರಲಿಲ್ಲ.

"ಪರ್ವಾಗಿಲ್ವೇ!" ಎಂದಳು ಹೆಂಡತಿ. "ತಮ್ಮನಿಗೆ ಬರ್ಬೇಡ ಅಂತ ಹೇಳ್ತೀನಿ. ಕುರ್ಚಿ ನಿಮ್ದೇ."

ಅಲ್ಲಿಗೆ ಸುಮ್ಮನಾಗಿದ್ದರೆ ಅಳಿಯನ ಬಾಳು ಬಂಗಾರವಾಗುತ್ತಿತ್ತು. ಆದರೆ ಗೆದ್ದವನಿಗೆ ಕೃತಜ್ಞತೆ ತೋರುವ ಹುಕಿ ಹುಟ್ಟುತ್ತದೆ. "ಆ ಮಹಾನುಭಾವರಿಗೆ ಒಂದು ಥ್ಯಾಂಕ್ಸ್ ಹೇಳೋಣ, ನೀನೂ ಕೇಳು" ಎಂದು, ಪರದೆಯ ಮೇಲಿನ 'ಹಿರಿಯ ಸಲಹೆಗಾರರು' ಬಟನ್ ಒತ್ತಿದ.

ಅಡುಗೆಮನೆಯಲ್ಲಿ ಫೋನ್ ಬಡಿಯಿತು.

ಕಾಕತಾಳೀಯ ಎಂದುಕೊಂಡು ಅಳಿಯ ಕಾದ. ಅಡುಗೆಮನೆಯ ಫೋನ್ ನಿಂತಿತು. ಇತ್ತ ಲ್ಯಾಪ್‌ಟಾಪಿನಿಂದಲೂ ಅತ್ತ ಬಾಗಿಲ ಸಂದಿನಿಂದಲೂ ಒಂದೇ ದನಿ ಕೇಳಿತು:

"ನಮಸ್ಕಾರ, ಗೂಬೆ ಕಂಪನಿ ಹಿರಿಯ ಸಲಹೆಗಾರರು ಮಾತಾಡ್ತಿರೋದು. ಊಟ ಆಯ್ತಾ?"

ಹೆಂಡತಿ ಬಾಗಿಲು ತಳ್ಳಿದಳು. ಅತ್ತೆ ಮಣೆಯ ಮೇಲೆ ಕೂತಿದ್ದರು. ಮುಚ್ಚಿದ ನೋಟುಬುಕ್ಕು ತೊಡೆಯ ಮೇಲಿತ್ತು.

"ಅಮ್ಮಾ!"

"ಆ ಹುಡುಗಿ ಇವತ್ತು ಬೆಳಿಗ್ಗೆ ಕೆಲಸ ಬಿಟ್ಟು ಹೋಗೋಳಿದ್ಲು ಕಣೇ. ರಾಜೀನಾಮೆ ಬರ್ದು ಕೊಟ್ಟೂ ಆಗಿತ್ತು. ನನ್ ಹತ್ರ ಮಾತಾಡಿದ್ಮೇಲೆ ವಾಪಸ್ ತಗೊಂಡ್ಲಂತೆ. ಬೆಳಿಗ್ಗೆ ಅವಳಿಗೆ ನನ್ ನಂಬರ್ ಕೊಟ್ಟಿದ್ನಲ್ಲ, ಅವಳ ಸಾಹೇಬ್ರು ಮಧ್ಯಾಹ್ನ ನಂಗೇ ಫೋನ್ ಮಾಡಿ, 'ಅಮ್ಮಾ, ನಾವು ತಿಂಗಳಿಂದ ಹೇಳಿದ್ರೂ ಒಪ್ಪದೇ ಇದ್ದೋಳು, ನೀವು ಏನು ಹೇಳಿದ್ರಿ' ಅಂತ ಕೇಳಿದ್ರು. ಏನೂ ಹೇಳಿಲ್ಲಪ್ಪಾ, ಕೇಳಿಸ್ಕೊಂಡೆ ಅಂದೆ. ಮನೇಲೇ ಕೂತು ಮಾಡೋ ಕೆಲಸ ಇದೆ, ಮಾಡ್ತೀರಾ ಅಂದ್ರು. ನಂಗೂ ಕೈ ಖಾಲಿ ಇತ್ತಲ್ಲ? ಮೊದಲನೇ ದಿನ ಅಂತ ನಮ್ ಗಿರಾಕಿಗಳ್ನೇ ಕೊಟ್ರು. ಸಲೀಸಾಯ್ತು."

"ಅತ್ತೆ, ಅದೇ ಕೆಲಸ ನಮಗೇ ಮಾಡ್ಬಹುದಿತ್ತಲ್ಲ?" ಎಂದ ಅಳಿಯ.

"ನೀವು ಫೋನ್ ಮಾಡಬಾರದು ಅಂದ್ರಲ್ಲ ಅಳಿಯಂದ್ರೇ."

ಮೇಷ್ಟ್ರು ಮೆಲ್ಲಗೆ ಮಹಡಿಯ ಕಡೆ ಸರಿದರು. ಟೈಲರಿಗೆ ಯಾರದೋ ಅಂಗಿ ನೆನಪಾಯಿತು. ಹೆಂಡತಿ ಸೊಂಟಕ್ಕೆ ಕೈಯಿಟ್ಟು ನಿಂತಳು. ನಗುವುದೋ ಸಿಟ್ಟಾಗುವುದೋ ಎಂದು ಅವಳ ಮುಖ ಒಂದು ಗಳಿಗೆ ತೂಗಾಡಿತು.

"ಮನೇಲಿರೋ ಅಮ್ಮನ್ನ ಮಾತಾಡಿಸೋಕೆ ವರ್ಷದ ದುಡ್ಡು ಕಟ್ಟಿದೀರಲ್ರೀ! ಈಗಿಂದೀಗ್ಲೇ ಕ್ಯಾನ್ಸಲ್ ಮಾಡಿ. ಮಾಡೋಕಾಗ್ಲಿಲ್ವಾ, ನನ್ ತಮ್ಮ ನಾಳೆ ಬಂದೇ ಬರ್ತಾನೆ."

ಅಳಿಯ ಕಂಪನಿಗೆ ಫೋನ್ ಮಾಡಿದ. "ಖಂಡಿತ ಸಾರ್, ಇವತ್ತೇ ಆದ್ರೆ ಪೂರ್ತಿ ಹಣ ವಾಪಸ್" ಎಂದಳು ಹುಡುಗಿ. "ಆದ್ರೆ ಬಿಟ್ಟುಹೋಗೋ ಪ್ರತಿಯೊಬ್ಬರೂ ಮೊದಲು ನಮ್ಮ ಹಿರಿಯ ಸಲಹೆಗಾರರ ಜೊತೆ ಮಾತಾಡ್ಬೇಕು. ಅದು ನಿಯಮ. ಲೈನ್ ಕೊಡ್ತೀನಿ."

ಅಡುಗೆಮನೆಯಲ್ಲಿ ಫೋನ್ ಬಡಿಯಿತು.

"ಅತ್ತೆ, ಇಲ್ಲೇ ಇದೀನಿ, ಹಾಗೇ ಹೇಳಿಬಿಡ್ತೀನಿ..."

ಅತ್ತೆ ಕೈಸನ್ನೆಯಲ್ಲೇ ಅವನನ್ನು ಮುಂಕೋಣೆಗೆ ಅಟ್ಟಿ ಬಾಗಿಲು ಮುಂದೆ ಮಾಡಿದರು. ಕೆಲಸ ಎಂದರೆ ಕೆಲಸ. ಅಳಿಯ ಕುರ್ಚಿಯಲ್ಲಿ ಕೂತು, ಗಂಟಲು ಸರಿಮಾಡಿಕೊಂಡು, "ನಾನು ಚಂದಾ ರದ್ದು ಮಾಡ್ಬೇಕು" ಎಂದ.

"ಮಾಡೋಣಪ್ಪಾ, ಅದಕ್ಕೇನಂತೆ" ಎಂದಿತು ದನಿ. ಹನ್ನೊಂದು ವರ್ಷದಲ್ಲಿ ಅವನು ಕೇಳಿರದ ದನಿ ಅದು. "ದನಿ ಯಾಕೋ ಬಳಲಿದ ಹಾಗಿದೆ. ಬೆಳಿಗ್ಗೆಯಿಂದ ಒಂದೇ ಕಡೆ ಕೂತಿದ್ಯಾ?"

"ಹೂಂ" ಎಂದ ಅಳಿಯ.

"ಬೆನ್ನು ನೋಯಲ್ವಾ ಕಂದಾ?"

"ನೋಯುತ್ತೆ. ಯಾರ್ಗೂ ಹೇಳಿಲ್ಲ."

"ಕಾರ್ಖಾನೆ ಮುಚ್ಚಿದಾಗಿಂದ ನೀನು ಸರಿಯಾಗಿ ನಿದ್ದೇನೇ ಮಾಡಿಲ್ಲ ಅನ್ಸುತ್ತೆ. ಮನೇಲಿ ಎಲ್ರಿಗಿಂತ ಮುಂಚೆ ಎದ್ದು ಜಗಲೀಲಿ ಒಬ್ನೇ ಕೂತಿರ್ತೀಯ ಅಂತ ಕೇಳಿದೀನಿ."

ಅಳಿಯ ಅಂಗಿಯ ತೋಳಿನಿಂದ ಮೂಗೊರೆಸಿಕೊಂಡ. ಈ ಸಲ ಅದು ಪರಿಮಳದ ದೆಸೆಯಿಂದಲ್ಲ.

ಮಾತು ಇಪ್ಪತ್ತು ನಿಮಿಷ ನಡೆಯಿತು. ಛತ್ರಿ ಕಾರ್ಖಾನೆಯ ಕೊನೆಯ ದಿನದ ಬಗ್ಗೆ ಅಳಿಯ ಹೇಳಿದ, ಹೆಂಡತಿಗೂ ಹೇಳದ್ದು. ಅತ್ತ ಕಡೆಯಿಂದ "ಹೂಂ, ಆಮೇಲೆ?" ಎಂಬುದಷ್ಟೇ ಬರುತ್ತಿತ್ತು. ಕೊನೆಗೆ ದನಿ ಕೇಳಿತು:

"ಈಗ ಹೇಳಪ್ಪಾ. ರದ್ದು ಮಾಡ್ಲಾ?"

ಹೆಂಡತಿ ಹಿಂದಿನ ಕೋಣೆಯಿಂದ ಇಣುಕಿ, "ಆಯ್ತೇನ್ರೀ ಕ್ಯಾನ್ಸಲ್ಲು?" ಎಂದಳು.

ಅಳಿಯ ಫೋನಿಗೆ ಕೈ ಅಡ್ಡ ಹಿಡಿದು, ಅವಳಿಗೆ ಬೆನ್ನು ತಿರುಗಿಸಿ, ಮೆಲ್ಲಗೆ ಹೇಳಿದ:

"ಎರಡು ವರ್ಷಕ್ಕೆ ಹಾಕಿಬಿಡಿ."

ಮಾತು ಮುಗಿದ ಮೇಲೆ ಪರದೆಯ ಮೇಲೆ ಗೂಬೆ ಮೂಡಿ, ಸಲಹೆಗಾರರ ಸೇವೆ ಹೇಗಿತ್ತು, ಒಂದರಿಂದ ಐದರವರೆಗೆ ಅಂಕೆ ಒತ್ತಿ ಎಂದು ಕೇಳಿಕೊಂಡಿತು. ಅಳಿಯ ಐದನ್ನು ಒತ್ತಿದ. ಆಮೇಲೆ ಕುರ್ಚಿಯನ್ನು ಮೇಜಿನಡಿಗೆ ಸರಿಯಾಗಿ ತಳ್ಳಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಸಾಬೂನು ಕೊಯ್ಯಲು ಹಿಂದಿನ ಕೋಣೆಗೆ ಹೋದ.